ದೂರದ ಉಷ್ಣವಲಯದ ಕರಾವಳಿಗಳಲ್ಲಿ ಕಡಲವಿಜ್ಞಾನ ಮತ್ತು ಸಂರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜನವಸತಿಯಿಂದ ದೂರವಿರುವ ಉಷ್ಣವಲಯದ ದ್ವೀಪಗಳಲ್ಲಿ ಮತ್ತು ಕರಾವಳಿಗಳಲ್ಲಿ ನಡೆಯುವ ಸಂಶೋಧನೆಯ ಬಗ್ಗೆ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಆಸಕ್ತ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಪ್ರಶ್ನೆಗಳಿಗೆ ನಾಲ್ಕು ಮಾತು ಸಾಕು. ಕೆಲವಕ್ಕೆ ಉತ್ತರಿಸಲು ಒಂದು ದ್ವೀಪದ ಇತಿಹಾಸವನ್ನೇ ಹೇಳಬೇಕಾಗುತ್ತದೆ.

‘ದೂರದ’ ತಾಣ ಎಂದರೆ ಯಾವುದು? ಇಲ್ಲಿ ಯಾವ ಪರಿಸರಗಳ ಅಧ್ಯಯನ ನಡೆಯುತ್ತದೆ?

ನಕ್ಷೆಯಲ್ಲಿ ಕಾಣುವ ಅಂತರಕ್ಕಿಂತ, ಬಂದರು, ಮೀನು ಮಾರುಕಟ್ಟೆ, ದೊಡ್ಡ ಊರು ಮತ್ತು ಕೊಳಚೆ ಹೊತ್ತು ತರುವ ನದಿಮುಖ ಎಷ್ಟು ದೂರದಲ್ಲಿವೆ ಎಂಬುದೇ ಇಲ್ಲಿ ಮುಖ್ಯ. ಹಿಂದೂ ಮಹಾಸಾಗರದ ಅಲ್ಡಾಬ್ರಾ ಮತ್ತು ಚಾಗೋಸ್, ಪೆಸಿಫಿಕ್ ಸಾಗರದ ಪಾಲ್ಮೈರಾ, ಆಸ್ಟ್ರೇಲಿಯದ ವಾಯವ್ಯ ಕಡಲಿನ ಸ್ಕಾಟ್ ರೀಫ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಅಧ್ಯಯನದ ಕೇಂದ್ರದಲ್ಲಿರುವುದು ಹವಳದ ದಿಬ್ಬಗಳು, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳು, ಕಡಲಹುಲ್ಲಿನ ಹಾಸುಗಳು ಮತ್ತು ಆಮೆಗಳು ಮೊಟ್ಟೆಯಿಡುವ ಮರಳದಂಡೆಗಳು. ಹವಳದ ದಿಬ್ಬಗಳು ಸಾಗರತಳದ ಶೇ 1ಕ್ಕಿಂತಲೂ ಕಡಿಮೆ ಜಾಗದಲ್ಲಿದ್ದರೂ ಕಡಲಜೀವಿಗಳ ಪ್ರಭೇದಗಳಲ್ಲಿ ಸುಮಾರು ಕಾಲುಭಾಗಕ್ಕೆ ಆಸರೆಯಾಗಿವೆ. ಇವುಗಳನ್ನು ಬೇರೆಬೇರೆಯಾಗಿ ಹೆಸರಿಸುವುದು ವಿವರಣೆಯ ಅನುಕೂಲಕ್ಕಾಗಿ ಮಾತ್ರ; ಎಷ್ಟೋ ಮೀನುಗಳು ಕಾಂಡ್ಲಾದ ಬೇರುಗಳ ನಡುವೆ ಮರಿಯಾಗಿ ಬೆಳೆದು, ದೊಡ್ಡವಾದ ಮೇಲೆ ದಿಬ್ಬಕ್ಕೆ ಸೇರುತ್ತವೆ.

ಯಾರೂ ವಾಸಿಸದ ಜಾಗಕ್ಕೆ ಇಷ್ಟು ಖರ್ಚು ಮಾಡಿ ಹೋಗುವುದೇಕೆ? ಹಾಳಾಗುತ್ತಿರುವುದು ಊರಿನ ಪಕ್ಕದ ಕಡಲಲ್ಲವೇ?

ಊರಿನ ಪಕ್ಕದ ದಿಬ್ಬದಲ್ಲಿ ಹವಳ ಸತ್ತರೆ ಅದಕ್ಕೆ ಅತಿಯಾದ ಮೀನುಗಾರಿಕೆ, ಹೂಳು, ಕೊಳಚೆ ನೀರು, ಕಡಲಿನ ಬಿಸಿ ಎಲ್ಲವೂ ಕಾರಣವಾಗಿರಬಹುದು, ಮತ್ತು ಅವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮೊದಲ ಮೂರು ಕಾರಣಗಳು ಇಲ್ಲದ, ನಾಲ್ಕನೆಯದು ಮಾತ್ರ ಇರುವ ತಾಣ ಸಿಕ್ಕರೆ ಹೋಲಿಕೆ ಸಾಧ್ಯವಾಗುತ್ತದೆ. ದೂರದ ದಿಬ್ಬಗಳು ವಿಜ್ಞಾನಕ್ಕೆ ಒದಗಿಸುವುದು ಈ ಹೋಲಿಕೆಯನ್ನೇ.

ಇನ್ನೊಂದು ಕಾರಣವೂ ಇದೆ. ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ ಅವರು 1995ರಲ್ಲಿ ಗಮನಕ್ಕೆ ತಂದಂತೆ, ಪ್ರತಿಯೊಂದು ತಲೆಮಾರಿನ ಸಂಶೋಧಕರೂ ತಾವು ವೃತ್ತಿ ಆರಂಭಿಸಿದಾಗ ಕಂಡ ಕಡಲನ್ನೇ ಸಹಜ ಸ್ಥಿತಿ ಎಂದು ಭಾವಿಸುತ್ತಾರೆ. ಅಜ್ಜನ ಕಾಲದಲ್ಲಿ ಹತ್ತಿದ್ದದ್ದು ಅಪ್ಪನ ಕಾಲಕ್ಕೆ ಐದಾಗಿ, ಮಗನ ಕಾಲಕ್ಕೆ ಎರಡಾದರೂ, ಮಗ ಲೆಕ್ಕ ಶುರುಮಾಡುವುದು ಎರಡರಿಂದಲೇ. ಮನುಷ್ಯನ ಒತ್ತಡ ಕಡಿಮೆಯಿರುವ ತಾಣಗಳು ಈ ಮರೆವನ್ನು ಸ್ವಲ್ಪಮಟ್ಟಿಗೆ ಸರಿಪಡಿಸುತ್ತವೆ. ಹಾಗೆಂದು ಅವುಗಳನ್ನು ಮನುಷ್ಯನ ಕೈಸೋಕದ ಸ್ವರ್ಗಗಳೆಂದು ಬಣ್ಣಿಸುವುದು ಸರಿಯಲ್ಲ. ಇಂಥ ದ್ವೀಪಗಳಲ್ಲಿ ಹಲವು ಹಿಂದೆ ತೆಂಗಿನ ತೋಟಗಳೋ ಸೈನಿಕ ನೆಲೆಗಳೋ ಆಗಿದ್ದವು.

ಸಂಶೋಧನೆಯಿಂದಲೇ ಒಂದು ತಾಣ ಉಳಿದುಕೊಂಡ ಉದಾಹರಣೆ ಇದೆಯೇ?

ಎಲ್ಲರೂ ಹೆಸರಿಸುವುದು ಸೇಷೆಲ್ಸ್‌ನ ಅಲ್ಡಾಬ್ರಾ ಹವಳದ್ವೀಪವನ್ನು. 1960ರ ದಶಕದಲ್ಲಿ ಬ್ರಿಟನ್ ಅಲ್ಲಿ ಸೈನಿಕ ವಿಮಾನ ನಿಲ್ದಾಣ ಕಟ್ಟಲು ಯೋಜಿಸಿತ್ತು. ದೈತ್ಯ ನೆಲಾಮೆಗಳ ಕೊನೆಯ ದೊಡ್ಡ ನೆಲೆಗಳಲ್ಲೊಂದಾದ ಆ ದ್ವೀಪವನ್ನು ಉಳಿಸಬೇಕೆಂದು ಲಂಡನ್ನಿನ ರಾಯಲ್ ಸೊಸೈಟಿ ಮತ್ತು ಇತರ ವಿಜ್ಞಾನ ಸಂಸ್ಥೆಗಳು ಬಲವಾಗಿ ವಾದಿಸಿದವು, ಮತ್ತು 1967ರಲ್ಲಿ ರಾಯಲ್ ಸೊಸೈಟಿಯ ಸಂಶೋಧನಾ ತಂಡ ಅಲ್ಲಿಗೆ ತೆರಳಿತು. ಅದೇ ವರ್ಷದ ನವೆಂಬರಿನಲ್ಲಿ ಯೋಜನೆ ರದ್ದಾಯಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆ ತಿಂಗಳು ಪೌಂಡಿನ ಅಪಮೌಲ್ಯವಾಗಿ ಬ್ರಿಟಿಷ್ ಸರ್ಕಾರ ಖರ್ಚು ಕಡಿತಕ್ಕೆ ಇಳಿದದ್ದೂ ಇದಕ್ಕೆ ದೊಡ್ಡ ಕಾರಣ. ವಿಜ್ಞಾನಿಗಳ ವಾದವೊಂದೇ ಗೆದ್ದಿತು ಎನ್ನುವುದು ಅತಿಶಯೋಕ್ತಿ.

ವಿಜ್ಞಾನದ ನಿಜವಾದ ಕೊಡುಗೆ ಕಾಣುವುದು ಅದರ ನಂತರದ ದಶಕಗಳಲ್ಲಿ. 1971ರಲ್ಲಿ ಅಲ್ಲಿ ಕಾಯಂ ಸಂಶೋಧನಾ ಕೇಂದ್ರ ಆರಂಭವಾಯಿತು. ಆಮೇಲೆ ಅದರ ಹೊಣೆ ಸೇಷೆಲ್ಸ್ ಐಲೆಂಡ್ಸ್ ಫೌಂಡೇಶನ್‌ಗೆ ಬಂತು. 1982ರಲ್ಲಿ ದ್ವೀಪ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1968ರಲ್ಲಿ ಹಸಿರು ಕಡಲಾಮೆಗಳ ಬೇಟೆ ನಿಂತ ಬಳಿಕ, ಮೊಟ್ಟೆಯಿಡಲು ದಂಡೆ ಏರಿ ಬರುವ ಹೆಣ್ಣಾಮೆಗಳ ಜಾಡುಗಳನ್ನು ಅಲ್ಲಿ ದಶಕಗಳಿಂದ ಎಣಿಸುತ್ತಾ ಬರಲಾಗಿದೆ. ರಾತ್ರಿ ಬಂದು ಹೋದ ಆಮೆ ಮರಳಿನ ಮೇಲೆ ಅಗಲವಾದ ಜಾಡನ್ನು ಉಳಿಸಿರುತ್ತದೆ. ಬೆಳಗಿನ ಹೊತ್ತು ದಂಡೆಯುದ್ದಕ್ಕೂ ನಡೆದು, ಯಾವ ಜಾಡು ಗೂಡಿನಲ್ಲಿ ಮುಗಿದಿದೆ, ಯಾವುದು ಮೊಟ್ಟೆಯಿಡದೆ ಹಿಂದಿರುಗಿದ ಆಮೆಯದು ಎಂದು ಬಲ್ಲವರು ಗುರುತಿಸಿ ಬರೆದುಕೊಳ್ಳುತ್ತಾರೆ. ಕೆಲಸ ಇಷ್ಟೇ. ಆದರೆ ಸುಮಾರು 40 ವರ್ಷಗಳ ಇಂಥ ಲೆಕ್ಕ ಕೈಯಲ್ಲಿದ್ದದ್ದರಿಂದಲೇ ಆಮೆಗಳ ಸಂಖ್ಯೆ ಹಲವು ಪಟ್ಟು ಏರಿದೆಯೆಂದು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಲು ಸಾಧ್ಯವಾಯಿತು. ಹಸಿರು ಕಡಲಾಮೆ ಪ್ರಾಯಕ್ಕೆ ಬರಲು ಎರಡು ಮೂರು ದಶಕಗಳೇ ಬೇಕಾಗುವುದರಿಂದ, ಐದು ವರ್ಷಗಳ ಯೋಜನೆಯೊಂದು ಈ ಏರಿಕೆಯನ್ನು ಕಂಡುಹಿಡಿಯುವ ಸಂಭವವೇ ಇರಲಿಲ್ಲ.

ನೀರಿನಡಿಯಲ್ಲಿ ಸಂಶೋಧಕರು ಏನನ್ನು ಅಳೆಯುತ್ತಾರೆ?

ಇಬ್ಬರು ಮುಳುಗುಗಾರರು ದಿಬ್ಬದ ಮೇಲೆ ಅಳತೆ ಪಟ್ಟಿಯನ್ನು ಬಿಚ್ಚುತ್ತಾ ಸಾಗುತ್ತಾರೆ. ಮುಂದಿರುವವರು ಪಟ್ಟಿಯ ಎರಡೂ ಬದಿಯ ನಿಗದಿತ ಅಗಲದೊಳಗೆ ಕಾಣುವ ಮೀನುಗಳ ಜಾತಿ, ಸಂಖ್ಯೆ ಮತ್ತು ಅಂದಾಜು ಉದ್ದವನ್ನು ನೀರಿನಲ್ಲೂ ಬರೆಯಬಹುದಾದ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಗುರುತಿಸುತ್ತಾರೆ. ಉದ್ದ ಗೊತ್ತಾದರೆ ತೂಕವನ್ನು ಲೆಕ್ಕಹಾಕಬಹುದು. ಹಿಂದಿರುವವರು ಚೌಕಟ್ಟೊಂದನ್ನು ತಳದ ಮೇಲಿಟ್ಟು ನಿಗದಿತ ಅಂತರಕ್ಕೊಮ್ಮೆ ಫೋಟೊ ತೆಗೆಯುತ್ತಾರೆ. ದಡಕ್ಕೆ ಬಂದ ಮೇಲೆ ಆ ಫೋಟೊಗಳ ಮೇಲೆ ಬಿಂದುಗಳನ್ನು ಹರಡಿ, ಪ್ರತಿ ಬಿಂದುವಿನ ಕೆಳಗೆ ಜೀವಂತ ಹವಳವಿದೆಯೋ, ಪಾಚಿಯೋ, ಮರಳೋ, ಸತ್ತ ಹವಳದ ಚೂರೋ ಎಂದು ಗುರುತಿಸಲಾಗುತ್ತದೆ. ಹವಳದ ಹೊದಿಕೆ ಇಷ್ಟು ಶೇಕಡ ಎಂದು ವರದಿಗಳಲ್ಲಿ ಓದುವ ಸಂಖ್ಯೆ ಹುಟ್ಟುವುದು ಇಲ್ಲಿ.

ಇದರ ಜೊತೆಗೆ ದಿಬ್ಬಕ್ಕೆ ಕಟ್ಟಿಟ್ಟ ಪುಟ್ಟ ಯಂತ್ರಗಳು ತಿಂಗಳುಗಟ್ಟಲೆ ನೀರಿನ ಉಷ್ಣಾಂಶವನ್ನು ದಾಖಲಿಸುತ್ತವೆ, ನೀರಿನಡಿಯ ಮೈಕ್ರೊಫೋನುಗಳು ಸಿಗಡಿ ಮತ್ತು ಮೀನುಗಳ ಸದ್ದನ್ನು ಹಿಡಿದಿಡುತ್ತವೆ, ಶಾರ್ಕ್ ಮತ್ತು ಆಮೆಗಳ ಮೈಗೆ ಅಂಟಿಸಿದ ಸಾಧನಗಳು ಅವುಗಳ ಓಡಾಟವನ್ನು ತಿಳಿಸುತ್ತವೆ. ಒಂದೆರಡು ಲೀಟರ್ ನೀರನ್ನು ಸೋಸಿ, ಅದರಲ್ಲಿ ಜೀವಿಗಳು ಉದುರಿಸಿಹೋದ ಡಿಎನ್‌ಎ ಹುಡುಕಿ, ಯಾವ ಪ್ರಭೇದಗಳು ಸುತ್ತಮುತ್ತ ಇವೆಯೆಂದು ಊಹಿಸುವ ವಿಧಾನವೂ ಬಳಕೆಗೆ ಬಂದಿದೆ. ದೊಡ್ಡ ಗುಂಡುಹವಳಗಳು ವರ್ಷಕ್ಕೆ ಸುಮಾರು 1 ಸೆಂ.ಮೀ. ಬೆಳೆಯುತ್ತಾ ಮರದ ಉಂಗುರಗಳಂತೆಯೇ ವಾರ್ಷಿಕ ಪಟ್ಟೆಗಳನ್ನು ಉಳಿಸುವುದರಿಂದ, ಅವುಗಳಿಂದ ಕೊರೆದು ತೆಗೆದ ಕೋಲಿನಾಕಾರದ ತುಂಡಿನ ಎಕ್ಸ್-ರೇ ಚಿತ್ರದಲ್ಲಿ ಶತಮಾನಗಳ ಹಿಂದಿನ ಕಡಲನ್ನೂ ಓದಬಹುದು.

ಮುಳುಗುಗಾರರ ಎಣಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೀನಿನ ಜಾತಿಯನ್ನು ಅವಲಂಬಿಸಿ. ಗುಂಡಿಯೊಳಗೆ ಅಡಗುವ ಸಣ್ಣ ಮೀನುಗಳು ಎಣಿಕೆಗೆ ಸಿಗುವುದೇ ಇಲ್ಲ. ಕುತೂಹಲದ ಶಾರ್ಕ್‌ಗಳು ಬೇಕಾದುದಕ್ಕಿಂತ ಹೆಚ್ಚೇ ಸಿಗುತ್ತವೆ. ಮಧ್ಯ ಪೆಸಿಫಿಕ್‌ನ ದೂರದ ದಿಬ್ಬಗಳಲ್ಲಿ ಮೊದಲು ನಡೆದ ಸಮೀಕ್ಷೆಗಳು, ಅಲ್ಲಿನ ಮೀನುಗಳ ಒಟ್ಟು ತೂಕದಲ್ಲಿ ಬೇಟೆಗಾರ ಮೀನುಗಳದ್ದೇ ಸಿಂಹಪಾಲು ಎಂಬ ಅಚ್ಚರಿಯ ಚಿತ್ರ ನೀಡಿದ್ದವು. ಆದರೆ ಪಾಲ್ಮೈರಾದಲ್ಲಿ ಸಾವಿರಕ್ಕೂ ಹೆಚ್ಚು ಬೂದು ಶಾರ್ಕ್‌ಗಳಿಗೆ ಗುರುತಿನ ಬಿಲ್ಲೆ ಹಾಕಿ, ಅವುಗಳಲ್ಲಿ ಎಷ್ಟು ಮರಳಿ ಸಿಗುತ್ತವೆಂದು ನೋಡಿ ಲೆಕ್ಕಹಾಕಿದಾಗ ಸಿಕ್ಕ ಅಂದಾಜು ಸುಮಾರು 8,300. 2017ರಲ್ಲಿ ಪ್ರಕಟವಾದ ಈ ಫಲಿತಾಂಶ, ಮುಳುಗುಗಾರರ ಎಣಿಕೆಯಿಂದ ಬರುತ್ತಿದ್ದ ಅಂದಾಜಿಗಿಂತ ಬಹಳ ಕಡಿಮೆಯಾಗಿತ್ತು. ಮನುಷ್ಯರನ್ನು ಅಪರೂಪಕ್ಕೆ ನೋಡುವ ಶಾರ್ಕ್‌ಗಳು ಮುಳುಗುಗಾರರ ಸುತ್ತ ಬಂದು ಸುಳಿದಾಡುವುದರಿಂದ, ಒಂದೇ ಪ್ರಾಣಿ ಮತ್ತೆ ಮತ್ತೆ ಲೆಕ್ಕಕ್ಕೆ ಸೇರುತ್ತದೆ.

ಇದನ್ನು ವಿಜ್ಞಾನದ ಸೋಲೆಂದು ಕರೆಯುವವರಿದ್ದಾರೆ, ನಮಗೆ ಹಾಗೆನಿಸುವುದಿಲ್ಲ. ಎಷ್ಟು ಶಾರ್ಕ್‌ಗಳಿದ್ದರೆ ದಿಬ್ಬ ಆರೋಗ್ಯವಾಗಿದೆ ಎಂಬ ಗುರಿಯನ್ನು ತಪ್ಪು ಸಂಖ್ಯೆಯ ಮೇಲೆ ನಿಲ್ಲಿಸಿದರೆ, ಚೇತರಿಸಿಕೊಂಡ ದಿಬ್ಬವೂ ಸೋತಂತೆ ಕಾಣುತ್ತದೆ. ಮುಳುಗುಗಾರರಿಲ್ಲದೆ, ಆಹಾರದ ವಾಸನೆಗೆ ಬರುವ ಮೀನುಗಳನ್ನು ಚಿತ್ರೀಕರಿಸುವ ಕ್ಯಾಮೆರಾಗಳನ್ನು ತಳಕ್ಕೆ ಇಳಿಬಿಡುವ ವಿಧಾನವೂ ಈಗ ಸಾಮಾನ್ಯ. ಅದನ್ನೇ ಬಳಸಿ 58 ದೇಶಗಳ 371 ದಿಬ್ಬಗಳಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐದರಲ್ಲೊಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕೂಡ ಕಾಣಲಿಲ್ಲ.

ದ್ವೀಪದ ಇಲಿಗಳಿಗೂ ಕಡಲಿನ ಹವಳಕ್ಕೂ ಏನು ಸಂಬಂಧ?

ಹಡಗುಗಳ ಮೂಲಕ ದ್ವೀಪಗಳನ್ನು ಸೇರಿದ ಇಲಿಗಳು ಕಡಲಹಕ್ಕಿಗಳ ಮೊಟ್ಟೆ ಮತ್ತು ಮರಿಗಳನ್ನು ತಿಂದುಹಾಕುತ್ತವೆ. ಈ ಹಕ್ಕಿಗಳು ದೂರದ ಆಳ ಕಡಲಿನಲ್ಲಿ ಮೀನು ಹಿಡಿದು, ದ್ವೀಪಕ್ಕೆ ಮರಳಿ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆಯಲ್ಲಿರುವ ಸಾರಜನಕ ಮಳೆನೀರಿನೊಂದಿಗೆ ಇಳಿದು ದಿಬ್ಬವನ್ನು ಸೇರುತ್ತದೆ. ಚಾಗೋಸ್‌ನಲ್ಲಿ ಇಲಿಗಳಿರುವ ಆರು ಮತ್ತು ಇಲಿಗಳಿಲ್ಲದ ಆರು ದ್ವೀಪಗಳನ್ನು ಹೋಲಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನ ಈ ಸರಪಳಿಯನ್ನು ಅಂಕಿಗಳಲ್ಲಿ ತೋರಿಸಿತು: ಇಲಿಗಳಿಲ್ಲದಲ್ಲಿ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು, ನೆಲಕ್ಕೆ ಬೀಳುವ ಸಾರಜನಕ 251 ಪಟ್ಟು ಹೆಚ್ಚು, ಪಕ್ಕದ ದಿಬ್ಬದಲ್ಲಿ ಮೀನುಗಳ ಒಟ್ಟು ತೂಕ ಶೇ 48ರಷ್ಟು ಹೆಚ್ಚು. ಹವಳ ಉಳಿಸಲು ನೆಲದ ಮೇಲಿನ ಇಲಿಗಳನ್ನು ತೊಲಗಿಸಬೇಕು ಎಂಬ ಸಲಹೆ ಮೊದಲ ಕೇಳಿಕೆಗೆ ವಿಚಿತ್ರವಾಗಿ ಕಂಡರೂ, ಸಂರಕ್ಷಣೆಯಲ್ಲಿ ಇಷ್ಟು ಸ್ಪಷ್ಟವಾದ, ಮಾಡಿ ಮುಗಿಸಬಹುದಾದ ಕೆಲಸ ಅಪರೂಪ.

ಪಾಲ್ಮೈರಾದಲ್ಲಿ 2011ರಲ್ಲಿ ಇದನ್ನು ಮಾಡಲಾಯಿತು. ನೆಲದ ಏಡಿಗಳು ಇಲಿಗಳಿಗೆಂದು ಹಾಕಿದ ಪಾಷಾಣವನ್ನು ಮೊದಲೇ ತಿಂದು ಮುಗಿಸುವುದೂ, ಇಲಿಗಳು ತೆಂಗಿನ ಮರಗಳ ತಲೆಯಲ್ಲಿ ವಾಸಿಸುವುದೂ ಅಲ್ಲಿನ ದೊಡ್ಡ ತೊಡಕುಗಳಾಗಿದ್ದವು. ಇಲಿಗಳು ಹೋದ ಮೇಲೆ ಸ್ಥಳೀಯ ಮರಗಳ ಸಸಿಗಳು ಹಲವು ಪಟ್ಟು ಹೆಚ್ಚಾದವು. ಇದರ ಮಹತ್ವ ಇನ್ನೊಂದು ಅಧ್ಯಯನದಿಂದ ತಿಳಿದಿತ್ತು: ಕಡಲಹಕ್ಕಿಗಳು ತೆಂಗಿಗಿಂತ ಸ್ಥಳೀಯ ಮರಗಳಲ್ಲೇ ಹೆಚ್ಚಾಗಿ ಕೂರುತ್ತವೆ, ಅಂಥ ಕಾಡಿನ ಎದುರಿನ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು (ಪ್ಲವಕ) ಹೆಚ್ಚಿರುತ್ತವೆ, ಅವನ್ನು ತಿನ್ನುವ ಮಂಟಾ ತೊರಕೆ ಮೀನುಗಳೂ ಅಲ್ಲಿಯೇ ಹೆಚ್ಚಾಗಿ ಸೇರುತ್ತವೆ. ಯಾರೂ ನಿರೀಕ್ಷಿಸದ ಲಾಭವೊಂದೂ ಸಿಕ್ಕಿತು. ಹೊರಗಿನಿಂದ ಬಂದು ನೆಲೆಸಿದ್ದ ಏಷ್ಯನ್ ಹುಲಿಸೊಳ್ಳೆ, ರಕ್ತಕ್ಕಾಗಿ ಇಲಿಗಳನ್ನು ಅವಲಂಬಿಸಿದ್ದರಿಂದ, ದ್ವೀಪದಿಂದ ಕಣ್ಮರೆಯಾಯಿತು.

ಸಂರಕ್ಷಿತ ವಲಯದ ಗಡಿಯನ್ನು ಎಲ್ಲಿ ಎಳೆಯಬೇಕೆಂದು ವಿಜ್ಞಾನ ಹೇಗೆ ತಿಳಿಸುತ್ತದೆ?

ದಿಬ್ಬದ ಮೀನುಗಳ ಮರಿಗಳು ಹುಟ್ಟಿದ ಮೇಲೆ ಹಲವು ದಿನ, ಕೆಲವೊಮ್ಮೆ ವಾರಗಳ ಕಾಲ ತೆರೆದ ನೀರಿನಲ್ಲಿ ತೇಲುತ್ತವೆ. ಅವು ಹರಿವಿನ ಜೊತೆ ಎಲ್ಲೋ ಹೋಗಿಬಿಡುತ್ತವೆ ಎಂಬುದು ಹಳೆಯ ನಂಬಿಕೆ. ಆಸ್ಟ್ರೇಲಿಯದ ಲಿಝರ್ಡ್ ದ್ವೀಪದಲ್ಲಿ ಸಂಶೋಧಕರು ಒಂದು ಜಾತಿಯ ಪುಟ್ಟ ಮೀನಿನ 1 ಕೋಟಿಗೂ ಹೆಚ್ಚು ಭ್ರೂಣಗಳ ಕಿವಿಗಲ್ಲಿಗೆ (ಕಿವಿಯೊಳಗಿನ ಪುಟ್ಟ ಸುಣ್ಣದ ಕಣಕ್ಕೆ) ಪ್ರತಿಜೀವಕ ಔಷಧ ಟೆಟ್ರಾಸೈಕ್ಲಿನ್‌ನಿಂದ ಗುರುತು ಹಾಕಿ, ಆಮೇಲೆ ದಿಬ್ಬಕ್ಕೆ ಬಂದು ನೆಲೆಸಿದ 5,000 ಮರಿಗಳನ್ನು ಹಿಡಿದು ಪರೀಕ್ಷಿಸಿದರು. ಗುರುತಿದ್ದದ್ದು 15ರಲ್ಲಿ ಮಾತ್ರ. ಆದರೆ ಹುಟ್ಟಿದ ಎಲ್ಲ ಭ್ರೂಣಗಳಲ್ಲಿ ಗುರುತು ಹಾಕಿದ್ದು ತೀರ ಸಣ್ಣ ಭಾಗವಾಗಿದ್ದರಿಂದ, ನೆಲೆಸಿದ ಮರಿಗಳಲ್ಲಿ ಶೇ 15ರಿಂದ 60ರಷ್ಟು ಅದೇ ದ್ವೀಪದಲ್ಲಿ ಹುಟ್ಟಿದವಿರಬಹುದೆಂಬ ತೀರ್ಮಾನಕ್ಕೆ ಅವರು ಬಂದರು. 1999ರ ಈ ಫಲಿತಾಂಶದ ನಂತರ, ಒಂದು ದಿಬ್ಬವನ್ನು ಕಾಯ್ದರೆ ಅದರ ಫಲ ಅಲ್ಲಿಗೂ ನೆರೆಗೂ ಸಿಗುತ್ತದೆ ಎಂಬ ಮಾತಿಗೆ ಆಧಾರ ಬಂತು. ಮುಂದೆ ಆಸ್ಟ್ರೇಲಿಯದ್ದೇ ಆದ ಕೆಪ್ಪೆಲ್ ದ್ವೀಪಗಳಲ್ಲಿ ಡಿಎನ್‌ಎ ಬಳಸಿ ಮರಿಗಳ ತಂದೆತಾಯಿಯನ್ನು ಪತ್ತೆಹಚ್ಚಿದಾಗ, ದಿಬ್ಬದ ಜಾಗದಲ್ಲಿ ಶೇ 28ರಷ್ಟಿರುವ ಮೀನುಗಾರಿಕೆ ನಿಷೇಧಿತ ವಲಯಗಳು ಸುಮಾರು ಅರ್ಧದಷ್ಟು ಮರಿಗಳನ್ನು ಒದಗಿಸುತ್ತಿರುವುದು ಕಂಡಿತು.

ಆಸ್ಟ್ರೇಲಿಯದ ಪೂರ್ವ ಕರಾವಳಿಯ ಗ್ರೇಟ್ ಬ್ಯಾರಿಯರ್ ರೀಫ್‌ ಕಡಲ ಉದ್ಯಾನದಲ್ಲಿ 2004ರ ಹೊಸ ವಲಯ ವಿಂಗಡಣೆ, ಮೀನುಗಾರಿಕೆ ಇಲ್ಲದ ಭಾಗವನ್ನು ಶೇ 5ಕ್ಕಿಂತ ಕಡಿಮೆಯಿಂದ ಶೇ 33ಕ್ಕೆ ಏರಿಸಿತು. ಉದ್ಯಾನದ ಪ್ರತಿಯೊಂದು ಬಗೆಯ ಆವಾಸದಿಂದಲೂ ಒಂದಷ್ಟು ಪಾಲು ರಕ್ಷಣೆಗೆ ಒಳಪಡಬೇಕೆಂಬುದು ಅದರ ತಳಹದಿಯಾಗಿತ್ತು.

ಕಡಲೇ ಬಿಸಿಯಾಗುತ್ತಿರುವಾಗ ದ್ವೀಪಕ್ಕೆ ಕಾವಲು ಹಾಕಿ ಏನು ಫಲ?

ಈ ಪ್ರಶ್ನೆಯನ್ನು ತೇಲಿಸಿ ಉತ್ತರಿಸುವಂತಿಲ್ಲ. ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳೇ ಅದಕ್ಕೆ ಬಹುಪಾಲು ಆಹಾರವನ್ನೂ ಬಣ್ಣವನ್ನೂ ಕೊಡುತ್ತವೆ. ನೀರು ಬಿಸಿಯಾದಾಗ ಹವಳ ಆ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ನೋವಾ’ ಉಪಗ್ರಹಗಳ ಮೂಲಕ ಈ ಅಪಾಯವನ್ನು ಲೆಕ್ಕಹಾಕುತ್ತದೆ: ವರ್ಷದ ಅತಿ ಬೆಚ್ಚಗಿನ ತಿಂಗಳ ಸರಾಸರಿಗಿಂತ 1 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಬಿಸಿಯನ್ನು 12 ವಾರಗಳ ಅವಧಿಯಲ್ಲಿ ಕೂಡಿಸುತ್ತಾ ಹೋದಾಗ, ಮೊತ್ತ 4 ಡಿಗ್ರಿ-ವಾರ ದಾಟಿದರೆ ಬಿಳಿಚುವಿಕೆಯನ್ನೂ 8 ದಾಟಿದರೆ ಸಾವನ್ನೂ ನಿರೀಕ್ಷಿಸಬೇಕು. ಎಚ್ಚರಿಕೆಯ ಹಳೆಯ ಹಂತಗಳು ಸಾಲದೆ, 2023ರ ಕೊನೆಯಲ್ಲಿ ಇನ್ನೂ ಮೂರು ಮೇಲಿನ ಹಂತಗಳನ್ನು ಸೇರಿಸಬೇಕಾಯಿತು.

ಬಿಸಿನೀರಿಗೆ ಸಂರಕ್ಷಿತ ವಲಯದ ಗಡಿ ತಿಳಿಯುವುದಿಲ್ಲ. 2016ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು ಅದರ ಅತ್ಯಂತ ದೂರದ ಉತ್ತರ ಭಾಗವೇ. ಪೆಸಿಫಿಕ್‌ನ ನಿರ್ಜನ ಜಾರ್ವಿಸ್ ದ್ವೀಪ 2015–16ರ ಬಿಸಿಗೆ ತನ್ನ ಹವಳದ ಬಹುಪಾಲನ್ನು ಕಳೆದುಕೊಂಡಿತು.

ಸ್ಥಳೀಯ ರಕ್ಷಣೆ ಬದಲಿಸಬಲ್ಲದ್ದು ಪೆಟ್ಟಿನ ನಂತರದ ಚೇತರಿಕೆಯನ್ನು. ಸ್ಕಾಟ್ ರೀಫ್‌ನಲ್ಲಿ 1998ರ ಬಿಳಿಚುವಿಕೆಯ ನಂತರ ಹವಳದ ಹೊದಿಕೆ ಶೇ 9ಕ್ಕೆ ಕುಸಿದಿತ್ತು. ಬೇರೆ ದಿಬ್ಬಗಳಿಂದ ಹವಳದ ಮರಿಗಳು ತೇಲಿಬರುವ ಸಾಧ್ಯತೆ ತೀರ ಕಡಿಮೆಯಿದ್ದುದರಿಂದ ಅದು ಮೇಲೇಳುವುದಕ್ಕೆ ಬಹಳ ಕಾಲ ಹಿಡಿಯುತ್ತದೆಂದೇ ಅಂದಾಜಿಸಲಾಗಿತ್ತು. ಆದರೆ 12 ವರ್ಷಗಳಲ್ಲಿ ಹೊದಿಕೆ ಶೇ 44ಕ್ಕೆ ಮರಳಿತು. ಕೊಳಚೆಯಾಗಲಿ ಹೂಳಾಗಲಿ ಇಲ್ಲದ ನೀರು ಮತ್ತು ಪಾಚಿಯನ್ನು ಮೇಯುವ ಮೀನುಗಳ ಸಮೃದ್ಧಿ, ಅಳಿದುಳಿದ ಹವಳಗಳು ಬೆಳೆಯಲು ಮತ್ತು ಅವುಗಳ ಮರಿಗಳು ಬದುಕಲು ಅನುವು ಮಾಡಿಕೊಟ್ಟಿದ್ದವು. 2016ರಲ್ಲಿ ಅದೇ ದಿಬ್ಬ ಮತ್ತೆ ತೀವ್ರವಾಗಿ ಬಿಳಿಚಿತು. ಚೇತರಿಕೆಗೆ ದಶಕ ಬೇಕು. ಬಿಸಿಯ ಅಲೆಗಳ ನಡುವಿನ ಬಿಡುವು ಅದಕ್ಕಿಂತ ಚಿಕ್ಕದಾಗುತ್ತಿದೆ. ಇಂಗಾಲದ ಹೊರಸೂಸುವಿಕೆ ಇಳಿಯದೆ ಈ ಲೆಕ್ಕ ಸರಿಹೋಗುವುದಿಲ್ಲ ಎಂಬುದನ್ನು ದಿಬ್ಬಗಳ ಸಂಶೋಧಕರು ಮುಚ್ಚಿಡುತ್ತಿಲ್ಲ.

ಹಾಗಾದರೆ ಪ್ರಯೋಗಾಲಯದಲ್ಲಿ ಹವಳ ಬೆಳೆಸಿ ನೆಡಬಾರದೇ?

ಸಣ್ಣ ಜಾಗಗಳಲ್ಲಿ ನೆಡಬಹುದು, ನೆಡುತ್ತಲೂ ಇದ್ದಾರೆ. ತುಂಡುಗಳಿಂದ ಬೆಳೆಸುವುದರ ಜೊತೆಗೆ, ಹವಳಗಳು ಹುಣ್ಣಿಮೆಯ ಆಸುಪಾಸಿನ ಕೆಲವು ರಾತ್ರಿಗಳಲ್ಲಿ ಒಟ್ಟಾಗಿ ಬಿಡುವ ಅಂಡಾಣು-ವೀರ್ಯಾಣುಗಳನ್ನು ಸಂಗ್ರಹಿಸಿ ಮರಿಗಳನ್ನು ದಿಬ್ಬಕ್ಕೆ ಬಿಡುವ ವಿಧಾನವೂ ಇದೆ. ಆದರೆ ಸಾವಿರಾರು ಚದರ ಕಿಲೋಮೀಟರ್ ದಿಬ್ಬವನ್ನು ಕೈಯಿಂದ ನೆಟ್ಟು ಮುಗಿಸುವುದು ಆಗದ ಮಾತು, ಮತ್ತು ನೀರಿನ ಬಿಸಿ ಹಾಗೆಯೇ ಇದ್ದರೆ ನೆಟ್ಟದ್ದೂ ಬಿಳಿಚುತ್ತದೆ.

ಕಾಂಡ್ಲಾ ಕಾಡು ಮತ್ತು ಕಡಲಹುಲ್ಲಿನ ಬಗ್ಗೆ ಹೊಸದಾಗಿ ತಿಳಿದಿರುವುದೇನು?

ಕಾಂಡ್ಲಾ ಬೆಳೆಯುವ ಕೆಸರಿನಲ್ಲಿ ಆಮ್ಲಜನಕ ತೀರ ಕಡಿಮೆಯಿರುವುದರಿಂದ ಅಲ್ಲಿ ಬಿದ್ದ ಎಲೆ, ಬೇರು ಸುಲಭವಾಗಿ ಕೊಳೆಯುವುದಿಲ್ಲ. ಇಂಡೋ-ಪೆಸಿಫಿಕ್‌ನ 25 ಕಾಂಡ್ಲಾ ಕಾಡುಗಳನ್ನು ಅಳೆದ 2011ರ ಅಧ್ಯಯನದಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಲೆಕ್ಕಕ್ಕೆ ಸಿಕ್ಕಿತು. ಅದರಲ್ಲಿ ಬಹುಪಾಲು ಮಣ್ಣಿನಲ್ಲಿತ್ತು. ಕಾಡು ಕಡಿದವರು ಮರದ ಜೊತೆ ಈ ಮಣ್ಣಿನ ಸಂಗ್ರಹವನ್ನೂ ಗಾಳಿಗೆ ಬಿಡುತ್ತಾರೆ. ಸಸಿ ನೆಡುವ ಕಾರ್ಯಕ್ರಮಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು: ಉಬ್ಬರದ ನೀರು ದಿನದ ಬಹುಭಾಗ ನಿಲ್ಲುವ ತಗ್ಗಿನ ಕೆಸರಿನಲ್ಲಿ ನೆಟ್ಟ ಸಸಿಗಳು ಉಳಿಯುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇಂಥ ನೆಡುತೋಪುಗಳು ದೊಡ್ಡ ಪ್ರಮಾಣದಲ್ಲಿ ವಿಫಲವಾದದ್ದು ದಾಖಲಾಗಿದೆ. ನೆಲದ ಎತ್ತರ ಮತ್ತು ನೀರಿನ ಹರಿವನ್ನು ಸರಿಪಡಿಸಿದರೆ ಎಷ್ಟೋ ಕಡೆ ಕಾಂಡ್ಲಾ ತಾನಾಗಿಯೇ ಬರುತ್ತದೆ.

ಕಡಲಹುಲ್ಲಿನ ವಿಷಯದಲ್ಲಿ ಲಕ್ಷದ್ವೀಪದ ಅನುಭವ ಯೋಚನೆಗೆ ಹಚ್ಚುವಂಥದ್ದು. ಅಗತ್ತಿ ದ್ವೀಪದ ಲಗೂನಿನಲ್ಲಿ (ದಿಬ್ಬದೊಳಗಿನ ಆಳವಿಲ್ಲದ ಕಡಲಿನಲ್ಲಿ) ಹಸಿರು ಕಡಲಾಮೆಗಳು ಅತಿಯಾಗಿ ಸೇರಿ ಹುಲ್ಲನ್ನು ಬುಡದವರೆಗೆ ಮೇಯತೊಡಗಿದಾಗ, ಆಮೆಗಳಿಂದ ಮೀನು ಕಡಿಮೆಯಾಯಿತೆಂದು ಮೀನುಗಾರರು ದೂರಿದರು. ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನ ಸಂಶೋಧಕರ ಅಧ್ಯಯನ ಈ ದೂರನ್ನು ತಳ್ಳಿಹಾಕದೆ ಪರಿಶೀಲಿಸಿತು: ಹುಲ್ಲು ತೆಳುವಾದಂತೆ ಅದರಲ್ಲಿ ಆಶ್ರಯ ಪಡೆಯುವ ಮೀನುಗಳೂ ಕಡಿಮೆಯಾಗಿದ್ದವು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನುಗಳಿಗೆ ಸಾಗಿದವು. ರಕ್ಷಣೆಯಲ್ಲಿರುವ ಪ್ರಾಣಿಯೊಂದು ರಕ್ಷಣೆ ಬೇಕಾದ ಆವಾಸವನ್ನೇ ಬರಿದುಮಾಡಿದಾಗ ಏನು ಮಾಡಬೇಕೆಂಬುದಕ್ಕೆ ಸಿದ್ಧ ಉತ್ತರವಿಲ್ಲ. ಆಮೆಗಳನ್ನು ಅಂಕೆಯಲ್ಲಿಡಬಲ್ಲ ದೊಡ್ಡ ಶಾರ್ಕ್‌ಗಳು ಉಷ್ಣವಲಯದ ಕಡಲುಗಳಲ್ಲಿ ಕಡಿಮೆಯಾಗಿರುವುದನ್ನೂ ಈ ಚರ್ಚೆಯಲ್ಲಿ ಮರೆಯುವಂತಿಲ್ಲ.

ಬಿಸಿಯಾಗುವ ಮರಳು ಆಮೆಗಳ ಮೇಲೆ ಏನು ಪರಿಣಾಮ ಬೀರುತ್ತದೆ?

ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಉಷ್ಣಾಂಶ ನಿರ್ಧರಿಸುತ್ತದೆ. ಸುಮಾರು 29 ಡಿಗ್ರಿಗಿಂತ ಮೇಲೆ ಹೆಣ್ಣುಗಳು ಹೆಚ್ಚುತ್ತವೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಗೂಡುದಂಡೆಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಗಳ ಎಳೆಯವುಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣುಗಳೇ ಎಂದು 2018ರಲ್ಲಿ ವರದಿಯಾಯಿತು. ಅಲ್ಲಿನ ರೇನ್ ದ್ವೀಪದಲ್ಲಿ ಗೂಡುಗಳಿಗೆ ನೀರು ನುಗ್ಗಿ ಮೊಟ್ಟೆಗಳು ಸಾಯುತ್ತಿದ್ದುದರಿಂದ, ಯಂತ್ರಗಳಿಂದ ಮರಳನ್ನು ಎಳೆದು ದಂಡೆಯ ಎತ್ತರ ಹೆಚ್ಚಿಸಲಾಗಿದೆ. ಎಷ್ಟು ಎತ್ತರ ಸಾಕು ಎಂಬುದನ್ನು ಹೇಳಿದ್ದು ನೀರಿನ ಮಟ್ಟದ ಅಳತೆಗಳು.

ದೂರದ ದ್ವೀಪಗಳಿಗೆ ಪ್ಲಾಸ್ಟಿಕ್ ತಲುಪುವುದು ಹೇಗೆ?

ಹರಿವಿನ ಜೊತೆ. 2019ರಲ್ಲಿ ಅಲ್ಡಾಬ್ರಾದಿಂದ 25 ಟನ್ ಕಸವನ್ನು ತೆಗೆಯಲಾಯಿತು, ಮತ್ತು ಅಲ್ಲಿ ಇನ್ನೂ ಸುಮಾರು 500 ಟನ್ ಉಳಿದಿದೆ ಎಂದು ಅಂದಾಜಿಸಲಾಯಿತು. ತೂಕದಲ್ಲಿ ಬಹುಪಾಲು ಮೀನುಗಾರಿಕೆಯ ಬಲೆ, ಹಗ್ಗಗಳು. ಆದರೆ ಚಪ್ಪಲಿಗಳ ರಾಶಿಯೂ ಸಣ್ಣದಿರಲಿಲ್ಲ. ಈ ಕಸವನ್ನು ಸೃಷ್ಟಿಸದ ಸಣ್ಣ ದ್ವೀಪರಾಷ್ಟ್ರ ಅದನ್ನು ತೆಗೆಯುವ ಖರ್ಚನ್ನು ಹೊರಬೇಕೇ ಎಂಬ ಪ್ರಶ್ನೆಗೆ ಬಲ ಕೊಟ್ಟಿದ್ದು ಈ ತೂಕದ ಲೆಕ್ಕವೇ.

ಸಂಶೋಧಕರೇ ಇಂಥ ತಾಣಗಳಿಗೆ ಹಾನಿ ಮಾಡುವುದಿಲ್ಲವೇ?

ಎಚ್ಚರ ತಪ್ಪಿದರೆ ಮಾಡುತ್ತಾರೆ. ಬೂಟಿನ ಮಡಿಕೆಯಲ್ಲಿ ಕುಳಿತ ಬೀಜ, ಸಾಮಾನಿನ ಪೆಟ್ಟಿಗೆಯೊಳಗಿನ ಇರುವೆ, ಹಡಗಿನ ತಳಕ್ಕೆ ಅಂಟಿದ ಜೀವಿ ಯಾವುದೇ ಆದರೂ ಸಾಕು. ಆದ್ದರಿಂದಲೇ ಅನೇಕ ದ್ವೀಪಗಳಿಗೆ ಹೋಗುವ ಮುನ್ನ ಬಟ್ಟೆ ಮತ್ತು ಸಲಕರಣೆಗಳ ಕಡ್ಡಾಯ ತಪಾಸಣೆಯಿದೆ, ಲಂಗರು ಹಾಕುವುದಕ್ಕೆ ನಿಗದಿತ ಜಾಗಗಳಿವೆ. ಒಂದು ವಸ್ತುವಿನಿಂದ ಎಷ್ಟು ಹಾನಿಯಾಗಬಹುದೆಂಬುದಕ್ಕೆ ಪಾಲ್ಮೈರಾದಲ್ಲಿ 1991ರಲ್ಲಿ ಸಿಕ್ಕಿಬಿದ್ದ ಮೀನುಗಾರಿಕೆ ಹಡಗು ಸಾಕ್ಷಿ. ಅದರ ಸುತ್ತ, ಹವಳದ ಸಂಬಂಧಿಯಾದ, ಆದರೆ ಸುಣ್ಣದ ಗೂಡು ಕಟ್ಟದ ಜೀವಿಯೊಂದು ಹಬ್ಬಿ ಹವಳವನ್ನು ಮುಚ್ಚತೊಡಗಿತು. ತುಕ್ಕು ಹಿಡಿದ ಕಬ್ಬಿಣವೇ ಅದಕ್ಕೆ ಪೋಷಕವಾಯಿತೆಂದು ಶಂಕಿಸಲಾಗಿದೆ. ನಿಗಾವಣೆಯ ಅಂಕಿಗಳು ಈ ಹಬ್ಬುವಿಕೆಯನ್ನು ತೋರಿಸಿದ ಮೇಲೆ, 2013–14ರಲ್ಲಿ ಹಡಗಿನ ಅವಶೇಷವನ್ನು ತುಂಡರಿಸಿ ಹೊರಗೆ ಸಾಗಿಸಲಾಯಿತು.

ಸ್ಥಳೀಯ ಜನರ ಪಾತ್ರವೇನು?

ಹೊರದೇಶದ ತಂಡ ಬಂದು, ಮಾದರಿ ತೆಗೆದುಕೊಂಡು, ತನ್ನ ಭಾಷೆಯಲ್ಲಿ ಪ್ರಬಂಧ ಬರೆದು ಮರೆಯಾಗುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅದರ ದೋಷ ನೈತಿಕವಷ್ಟೇ ಅಲ್ಲ, ವಿಜ್ಞಾನಕ್ಕೂ ಅದರಿಂದ ನಷ್ಟ. ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವ್‌ನಲ್ಲಿ 1970ರ ದಶಕದಲ್ಲಿ ರಾಬರ್ಟ್ ಜೋಹಾನ್ಸ್ ಎಂಬ ಸಂಶೋಧಕರು ಹಿರಿಯ ಮೀನುಗಾರರ ಜೊತೆ ಕುಳಿತು, ಯಾವ ಮೀನು ಯಾವ ತಿಂಗಳ ಯಾವ ತಿಥಿಯ ಆಸುಪಾಸಿನಲ್ಲಿ ಎಲ್ಲಿ ಮೊಟ್ಟೆಯಿಡಲು ಗುಂಪುಗೂಡುತ್ತದೆಂದು ದಾಖಲಿಸಿದಾಗ, ಅದರಲ್ಲಿ ಬಹಳಷ್ಟು ಮಾಹಿತಿ ಅದುವರೆಗೆ ವಿಜ್ಞಾನಕ್ಕೆ ಗೊತ್ತೇ ಇರಲಿಲ್ಲ. ಅದೇ ದೇಶದಲ್ಲಿ ಮುಖಂಡರು ದಿಬ್ಬವೊಂದಕ್ಕೆ ಕೆಲಕಾಲ ಮೀನುಗಾರಿಕೆ ನಿಲ್ಲಿಸುವ ‘ಬುಲ್’ ಎಂಬ ಪದ್ಧತಿ ಬಹಳ ಹಿಂದಿನಿಂದ ಇದೆ. 2015ರಲ್ಲಿ ಪಲಾವ್ ತನ್ನ ಆರ್ಥಿಕ ವಲಯದ (ಸಂಪನ್ಮೂಲಗಳ ಮೇಲೆ ತನಗೆ ಹಕ್ಕಿರುವ ಕಡಲಿನ) ಶೇ 80ರಷ್ಟು ಕಡಲನ್ನು ಮೀನುಗಾರಿಕೆಗೆ ಮುಚ್ಚುವ ಕಾನೂನು ಮಾಡಿದಾಗ (ಜಾರಿಗೆ ಬಂದದ್ದು 2020ರ ಜನವರಿ 1ರಂದು), ಅದನ್ನು ಈ ಪದ್ಧತಿಯ ಮುಂದುವರಿಕೆಯಾಗಿಯೇ ಜನರ ಮುಂದಿಟ್ಟಿತು.

ಕಡಲಜೀವಶಾಸ್ತ್ರ ಓದದವರಿಗೆ ಈ ಕ್ಷೇತ್ರದಲ್ಲಿ ಕೆಲಸವಿದೆಯೇ?

ಧಾರಾಳವಾಗಿ ಇದೆ, ಮತ್ತು ಅಂಥ ಕೆಲಸಗಾರರ ಕೊರತೆಯೇ ಹೆಚ್ಚು ಕಾಡುತ್ತದೆ. ದೂರದ ಕೇಂದ್ರವೊಂದರಲ್ಲಿ ದೋಣಿಯ ಎಂಜಿನ್ ಕೆಟ್ಟರೆ ಆ ವಾರದ ಸಮೀಕ್ಷೆಯೇ ನಿಲ್ಲುತ್ತದೆ. ಮುಳುಗುಗಾರರ ಗಾಳಿ ತುಂಬುವ ಕಂಪ್ರೆಸರ್, ಸೌರವಿದ್ಯುತ್ತಿನ ಬ್ಯಾಟರಿ, ಸಿಹಿನೀರಿನ ಯಂತ್ರ ಇವುಗಳನ್ನು ರಿಪೇರಿ ಮಾಡಬಲ್ಲವರು ಇರಲೇಬೇಕು. ದಡದಲ್ಲಿ ಕುಳಿತು ಸಾವಿರಾರು ಗಂಟೆಗಳ ವಿಡಿಯೊ ನೋಡಿ ಮೀನು ಗುರುತಿಸುವವರು, ಆ ಕೆಲಸವನ್ನು ಕಂಪ್ಯೂಟರಿಗೆ ಕಲಿಸುವವರು, ಸಂಖ್ಯಾಶಾಸ್ತ್ರಜ್ಞರು, ನಕ್ಷೆ ತಯಾರಿಸುವವರು, ಕಡಲ ಕಾನೂನು ಬಲ್ಲವರು ಎಲ್ಲರಿಗೂ ಇಲ್ಲಿ ಜಾಗವಿದೆ. ಮುಳುಗುವ ತರಬೇತಿ ಇದ್ದರೆ ಅನುಕೂಲ, ಆದರೆ ಅದು ಎಲ್ಲ ಹುದ್ದೆಗೂ ಕಡ್ಡಾಯವಲ್ಲ. ಆಮೆಯ ಜಾಡು ಎಣಿಸುವುದಕ್ಕೆ ಬೆಳಗ್ಗೆ ಬೇಗ ಎದ್ದು ಮರಳಿನ ಮೇಲೆ ದೂರ ನಡೆಯಬಲ್ಲ ಕಾಲುಗಳೂ, ಕಂಡದ್ದನ್ನು ಕಂಡಷ್ಟೇ ಬರೆಯುವ ಅಭ್ಯಾಸವೂ ಬೇಕು. ಉಳಿದದ್ದನ್ನು ಅಲ್ಲಿನ ಹಿರಿಯ ಸಿಬ್ಬಂದಿ ಕಲಿಸಿಕೊಡುತ್ತಾರೆ.